ತಾಳಿದಾರದ ಕೆಳಗಿನ ಹುಳುಕಡ್ಡಿ

ಅಮ್ಮನ ಕತ್ತಿನ ಸುತ್ತ ಹುಳುಕಡ್ಡಿ ಎದ್ದಾಗ ನಾವು ಹೊಸ ತಿಪ್ಪಸಂದ್ರದ ಬಾಡಿಗೆ ಮನೆಯಲ್ಲಿದ್ದೆವು. ಎಪ್ಪತ್ತರ ದಶಕದ ಆರಂಭ. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರು, ನಾನು ಕಂಟೋನ್ಮೆಂಟಿನ ಒಂದು ಆಫೀಸಿನಲ್ಲಿ ಟೈಪಿಸ್ಟು. ನಮ್ಮ ಕಡೆ ತಾಳಿಗೆ ಚಿನ್ನದ ಸರ ಇಲ್ಲ, ಹತ್ತಿಯ ದಾರವೇ. ಅಮ್ಮ ದಿನಾ ಸ್ನಾನ ಮಾಡುವಾಗ ಅದಕ್ಕೆ ಅರಿಶಿನ ತಿಕ್ಕುತ್ತಿದ್ದಳು. ಮೇಲೆ ಸೆರಗು ಹೊದ್ದು ಸೀಮೆಎಣ್ಣೆ ಸ್ಟೌವಿನ ಮುಂದೆ ಕೂತರೆ ದಾರ ಮಧ್ಯಾಹ್ನದವರೆಗೂ ಒಣಗುತ್ತಿರಲಿಲ್ಲ. ಅದರ ಕೆಳಗೆ ಕೆಂಪಗೆ, ಉಂಗುರ ಉಂಗುರವಾಗಿ ಎದ್ದಿತ್ತು.

ಡಾಕ್ಟರು ಕೊಟ್ಟ ಮುಲಾಮು ಹಚ್ಚಿದಷ್ಟು ದಿನ ಸುಮ್ಮನಿದ್ದು, ಬಿಟ್ಟ ಕೂಡಲೇ ಮತ್ತೆ ಹಾಜರು. ಆಫೀಸಿನವರೊಬ್ಬರು ಹೇಳಿದರೆಂದು ಅಮ್ಮನನ್ನು ಶಿವಾಜಿನಗರಕ್ಕೆ, ಮಾರ್ಕೆಟ್ಟಿನ ಹಿಂದಿನ ಅತ್ತರಿನ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯ ಸಾಬರು ಗಾಜಿನ ಬಿರಡೆ ತೆಗೆದು ಒಂದೊಂದೇ ಎಣ್ಣೆ ಮೂಸಿ ನೋಡಿದರು. ಲವಂಗದ್ದು ಉರಿಯುತ್ತೆ ಎಂದು ಪಕ್ಕಕ್ಕಿಟ್ಟು, ನಿಂಬೆ ವಾಸನೆಯ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಸಣ್ಣ ಸೀಸೆಗೆ ಬಗ್ಗಿಸಿದರು.

“ಇದನ್ನ ಹಾಗೇ ಹಚ್ಚಬೇಡಿ ಅಮ್ಮಾ, ಚರ್ಮ ಸುಟ್ಟೋಗುತ್ತೆ. ಕೊಬ್ರಿ ಎಣ್ಣೇಲಿ ಒಂದೆರಡು ತೊಟ್ಟು ಬೆರೆಸಿ.” ಆಮೇಲೆ ಸೀಸೆಯನ್ನೇ ನೋಡುತ್ತಾ, “ಬೇಜಾರ್ ಮಾಡ್ಕೋಬೇಡಿ. ಆ ದಾರ ಸ್ವಲ್ಪ ದಿನ ತೆಗೆದಿಡ್ಬೇಕು. ತೇವ ಇರೋ ತನಕ ಯಾವ ಎಣ್ಣೇನೂ ಏನೂ ಮಾಡಲ್ಲ,” ಎಂದರು.

ಅಮ್ಮ “ಎಣ್ಣೆ ಕೊಡಿ, ಸಾಕು” ಎಂದಳು. ಬಸ್ಸಿನಲ್ಲಿ ಸೆರಗನ್ನು ದಾರದ ಮೇಲೆ ಎಳೆದುಕೊಂಡು ಕೂತಳು.

ಮನೆಯಲ್ಲಿ ನಾನು ಇದನ್ನು ಹೇಳಿದಾಗ ಅಪ್ಪ ಜೋರಾಗಿ ನಕ್ಕರು. “ತೆಗೆದು ಮೊಳೆಗೆ ನೇತುಹಾಕೇ. ನಾನೇನು ಅಷ್ಟು ಸುಲಭಕ್ಕೆ ಹೋಗೋ ಗಿರಾಕಿ ಅಲ್ಲ.”

“ಬಿಡ್ತು ಅನ್ನಿ!” ಎಂದು ಅಮ್ಮ ರೇಗಿದಳು.

ದಾರ ಹಳೆಯದಾದಾಗಲೂ ಅವಳು ಮೊದಲು ಹೊಸ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಕೊರಳಿಗೆ ಹಾಕಿಕೊಂಡು, ಆಮೇಲೇ ಹಳೆಯದನ್ನು ಬಿಚ್ಚುವವಳು. ಒಂದು ಗಳಿಗೆಯೂ ಕತ್ತು ಬರಿದಾಗಿರಕೂಡದು. ಅಂಥವಳಿಗೆ ಸ್ವಲ್ಪ ದಿನ ಅಂದರೆ ಹೇಗೆ? ನನಗೆ ಮಾತ್ರ ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಕೆರೆದು ಕೆರೆದು ರಕ್ತ ಬರಿಸಿಕೊಳ್ಳುವುದನ್ನು ನೋಡಲಾಗದೆ ಕೂಗಾಡುತ್ತಿದ್ದೆ. ಅವಳು ಬೆರಳಿನಿಂದ ದಾರವನ್ನು ಆಚೆ ಸರಿಸಿ, ಎಣ್ಣೆ ಹಚ್ಚಿ, ಮತ್ತೆ ಅದರ ಮೇಲೇ ಇಳಿಬಿಡುತ್ತಿದ್ದಳು. ಮನೆಯೆಲ್ಲ ನಿಂಬೆಹಣ್ಣಿನ ಸಿಪ್ಪೆಯ ವಾಸನೆ. ಅಂಚಿನ ಉಂಗುರಗಳು ಮಾಸಿದವು. ದಾರ ಕೂರುವ ಜಾಗ ಹಾಗೇ ಇತ್ತು.

ಆ ಬೇಸಿಗೆಯಲ್ಲಿ ಅಪ್ಪನಿಗೆ ಕೆಲಸದ ಹೊತ್ತಿನಲ್ಲಿ ಎದೆನೋವು ಬಂತು. ಆಸ್ಪತ್ರೆಗೆ ಒಯ್ದರು. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಅಮ್ಮನ ಕೊರಳಲ್ಲಿ ದಾರ ಇದ್ದೇ ಇತ್ತು.

ಕರ್ಮದ ದಿನ ಹೆಂಗಸರು ಅದನ್ನು ತೆಗೆದರು. ನಾನು ನೋಡುತ್ತ ನಿಂತಿದ್ದೆ. ಅಳು ಬರಲಿಲ್ಲ. ಒಳಗೆ ಮರಗಟ್ಟಿಹೋಗಿತ್ತು, ಇವತ್ತಿಗೂ ಆ ದಿನ ನೆನೆದರೆ ಹಾಗೇ. ಅರಿಶಿನವೂ ನಿಂತಿತು. ಕತ್ತು ಒಣಗಿತು. ಸೀಸೆಯಲ್ಲಿ ಉಳಿದಿದ್ದ ಎಣ್ಣೆಯನ್ನು ಅಮ್ಮ ಹಚ್ಚುತ್ತಲೇ ಬಂದಳು. ಶ್ರಾವಣ ಬರುವಷ್ಟರಲ್ಲಿ ಹುಳುಕಡ್ಡಿ ಪೂರಾ ಹೋಗಿ ಚರ್ಮ ನುಣ್ಣಗಾಯಿತು. ಇದನ್ನು ಒಳ್ಳೆಯದಾಯಿತು ಎನ್ನುವುದು ಹೇಗೆ?

ಆದರೂ ಸೀಸೆ ಖಾಲಿಯಾದಾಗ ಅಮ್ಮ, “ಆಫೀಸಿಂದ ಬರ್ತಾ ಸಾಬರ ಹತ್ರ ಎಣ್ಣೆ ತಗೊಂಡ್ಬಾ” ಎಂದಳು. ಮಾರನೇ ದಿನ ಸಂಜೆ ಶಿವಾಜಿನಗರಕ್ಕೆ ಹೋದೆ.

ಸಾಬರಿಗೆ ನನ್ನ ಗುರುತು ಸಿಕ್ಕಿತು. “ಅಮ್ಮಂದು ಹೇಗಿದೆ ಬೇಟಿ?”

“ವಾಸಿಯಾಯ್ತು.”

“ದಾರ ತೆಗೆದ್ರಾ?”

“ತೆಗೆದ್ರು.”

“ನೋಡಿದ್ಯಾ! ನಾನು ಅವತ್ತೇ ಹೇಳಿರ್ಲಿಲ್ವಾ?” ಅವರ ಮುಖ ಅರಳಿತು. ಪಾಪ, ಅವರಿಗೇನು ಗೊತ್ತು. ನಾನು ಹೂಂ ಎಂದು ಸೀಸೆಯನ್ನು ಬ್ಯಾಗಿಗೆ ಹಾಕಿಕೊಂಡೆ.

ಮನೆಗೆ ಬಂದಾಗ ಅಮ್ಮ, “ಸಾಬರು ಏನಂದ್ರು?” ಎಂದು ಕೇಳಿದಳು.

“ವಾಸಿಯಾಗಿದ್ದಕ್ಕೆ ಖುಷಿಪಟ್ರು.”

ಅಮ್ಮ ಬರಿಗತ್ತಿನ ಮೇಲೆ ಬೆರಳಾಡಿಸಿದಳು, ದಾರವನ್ನು ಆಚೆ ಸರಿಸುವ ಹಾಗೆ.

“ಕೆರೆತಾನಾದ್ರೂ ಇರ್ಬೇಕಿತ್ತು ಕಣೇ,” ಎಂದಳು.

ನಾನು ಕೊಬ್ಬರಿ ಎಣ್ಣೆ ತರಲು ಒಳಗೆ ಹೋದೆ.