ಎಂಟಾದ ಮೇಲೆ

ಮೊನ್ನೆ ಉಪ್ಪುಂದದ ಒಂದು ಸಣ್ಣ ಹೋಟೆಲಿನಲ್ಲಿ ಚಹಾಕ್ಕೆ ಕುಳಿತಿದ್ದೆ. ಒಳಗಿದ್ದ ಹೆಂಗಸು ಒಲೆಯಿಂದ ಸಾಂಬಾರಿನ ಪಾತ್ರೆ ಇಳಿಸಲು ಎರಡೂ ಕೈಗೆ ಏನನ್ನೋ ಏರಿಸಿಕೊಂಡಳು. ಮಸಿ ಹಿಡಿದ ಕೆಂಪು ಬಾಕ್ಸಿಂಗ್ ಗ್ಲೌಸ್. ಬಿಸಿ ತಾಗಿದ್ದೇ ತಡ, ಹಳೆಯ ಚರ್ಮದ ವಾಸನೆ, ಬೆವರಿನ ವಾಸನೆ ಸಾಂಬಾರನ್ನೂ ದಾಟಿ ನನ್ನ ಮೇಜಿನವರೆಗೆ ಬಂತು. ಆ ವಾಸನೆ ನನಗೆ ಗೊತ್ತು. ಹನ್ನೊಂದು ವರ್ಷ ಒಂದೇ ವ್ಯಾನಿನಲ್ಲಿ ಅದರ ಪಕ್ಕ ಕುಳಿತು ಊರೂರು ತಿರುಗಿದ್ದೇನೆ...

ಆ ಗ್ಲೌಸಿನ ಒಡೆಯರದು ನಾವುಂದದಲ್ಲಿ ನಮ್ಮ ಪಕ್ಕದ ಮನೆ. ನನಗಿಂತ ಆರೇಳು ವರ್ಷ ದೊಡ್ಡವರು, ಅಣ್ಣಯ್ಯ ಎಂದೇ ಕರೆಯುತ್ತಿದ್ದೆ. ಚಿಕ್ಕಂದಿನಲ್ಲೇ ಮುಂಬೈಗೆ ಹೋಗಿ, ಹಗಲು ಹೋಟೆಲಿನಲ್ಲಿ ಲೋಟ ತೊಳೆದು ಸಂಜೆ ಬಾಕ್ಸಿಂಗ್ ಕಲಿತವರು. ಪದಕ ಗೆದ್ದು ಬಂದ ವರ್ಷ ತೆರೆದ ಜೀಪಿನಲ್ಲಿ ಕುಂದಾಪುರದಿಂದ ಊರವರೆಗೆ ಮೆರವಣಿಗೆ. ಕೊರಳ ತುಂಬ ಹಾರ, ಹಣೆಯ ಮೇಲೆ ಗುಂಗುರು ಕೂದಲು, ಬಾಯಲ್ಲಿ ಅರ್ಧ ಹಿಂದಿ. ಮೀನು ಮಾರುವ ಹೆಂಗಸರು ಬುಟ್ಟಿ ಇಳಿಸಿ ನೋಡುತ್ತಿದ್ದರು. ಅವರು ನಡೆದರೂ ಚಂದ, ನಿಂತರೂ ಚಂದ. ನಮಗೆಲ್ಲ ಹೊಟ್ಟೆಕಿಚ್ಚು, ಸುಳ್ಳೇಕೆ ಹೇಳಲಿ.

ಅದೆಲ್ಲ ಎರಡೇ ವರ್ಷ. ಎಡಗಣ್ಣಿಗೆ ಪೆಟ್ಟಾಯಿತು. ಇನ್ನೊಂದು ಏಟು ಬಿದ್ದರೆ ಕಣ್ಣು ಹೋಗುತ್ತದೆ ಎಂದರಂತೆ ಡಾಕ್ಟರು. ಊರಿಗೆ ಮರಳಿದರು. ಆಗ ನಮ್ಮದೊಂದು ನಗೆನಾಟಕದ ತಂಡವಿತ್ತು. ಬರೆಯುವವನೂ ಮೈಕ್ ಹಿಡಿಯುವವನೂ ನಾನೇ. ಅವರನ್ನು ತಂಡಕ್ಕೆ ಕರೆದು, ಅವರಿಗೆಂದೇ ಒಂದು ದೃಶ್ಯ ಬರೆದೆ. ಪೈಲ್ವಾನ ಗಂಡ ಗ್ಲೌಸ್ ಹಾಕಿಕೊಂಡು ಎದೆ ಉಬ್ಬಿಸಿ ಬರುತ್ತಾನೆ. ಕಡ್ಡಿಯಂಥ ಹೆಂಡತಿ ಸೌಟಿನಿಂದ ಒಂದು ಬಿಡುತ್ತಾಳೆ. ಅವನು ಅಂಗಾತ ಬೀಳುತ್ತಾನೆ. ರೆಫ್ರಿಯಾದ ನಾನು ಹತ್ತರವರೆಗೆ ಎಣಿಸುತ್ತೇನೆ. ಬಾಕ್ಸಿಂಗಿನಲ್ಲಿ ಹತ್ತರೊಳಗೆ ಎದ್ದವನು ಇನ್ನೂ ಆಟದಲ್ಲಿದ್ದಾನೆ, ಏಳದವನು ಸೋತ. ನಮ್ಮ ನಾಟಕದಲ್ಲಿ ಅವರು ಏಳುವಂತಿರಲಿಲ್ಲ.

ಜನ ಹುಚ್ಚಾದರು. ಬೀಜಾಡಿಯಿಂದ ಬ್ರಹ್ಮಾವರದವರೆಗೆ ಯಾವ ಯುವಕ ಮಂಡಲದ ವಾರ್ಷಿಕೋತ್ಸವಕ್ಕೆ ಹೋದರೂ ಇಡೀ ಮೈದಾನ ನನ್ನೊಡನೆ ಎಣಿಸುತ್ತಿತ್ತು. ಬಿದ್ದವರಿಗೆ ಆಳಿಗೊಂದು ಕಲ್ಲು ಎನ್ನುತ್ತಾರೆ. ನಮ್ಮವರು ಕಲ್ಲು ಎಸೆಯಲಿಲ್ಲ, ಎಣಿಸಿದರು. ಜೀಪಿನ ಮೇಲೆ ಕಂಡವರನ್ನು ನೆಲದ ಮೇಲೆ ಕಾಣುವುದರಲ್ಲಿ ಅದೆಂಥ ಸುಖವೋ... ಆ ಸುಖ ನನಗೂ ಇತ್ತು.

ನಾವುಂದದ ಶಾಲೆಯ ಮೈದಾನದಲ್ಲಿ ನಾಟಕವಿದ್ದ ಹಿಂದಿನ ದಿನ ಅವರು ಬೇಲಿಯ ಹತ್ತಿರ ಬಂದು ಕರೆದರು.

"ಹ್ವಾಯ್, ನಾಳೆ ಮಗಳ್ ನಾಟ್ಕ ಕಾಂಬುಕೆ ಬತ್ತ್. ಎಂಟ್ ಹೇಳಿ ಒಂಚೂರ್ ನಿಲ್ಸ್. ನಾ ಏಳ್ತೆ."

"ನೀವ್ ಎದ್ರೆ ಜನ ನೆಗಾಡುದಿಲ್ಲೆ ಅಣ್ಣಯ್ಯ."

"ನೆಗಾಡುದ್ ಬ್ಯಾಡ ಮಾರಾಯ. ಒಂದೇ ಸಲ."

ಆಯಿತು ಎಂದು ಮಾತು ಕೊಟ್ಟೆ.

ಮರುದಿನ ಸಂಜೆ ಅವರು ಬಿದ್ದರು. ಎಂಟು ಎಂದು ನಿಲ್ಲಿಸಿದೆ. ಅವರು ಒಂದು ಮಂಡಿ ಊರಿದರು. ಎಣಿಸುತ್ತಿದ್ದ ಮೈದಾನವೂ ನನ್ನೊಡನೆ ನಿಂತಿತು. ಒಂದು ಕೆಮ್ಮು ಸಹ ಇಲ್ಲ. ನಗಿಸಿ ಬದುಕುವವನಿಗೆ ಆ ಮೌನದಷ್ಟು ಭಯ ಬೇರೆ ಇಲ್ಲ. ನಾಟಕ ಕೆಟ್ಟಿತು ಎಂದುಕೊಂಡೆ. ಒಂಬತ್ತು, ಹತ್ತು ಎರಡನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅದರ ಹಿಂದೆಯೇ ಅವರು ಎದ್ದು ನಿಂತರು, ಎರಡೂ ಕೈ ಮೇಲೆತ್ತಿ. ಸೋತ ಮೇಲೆ ಎದ್ದವರನ್ನು ಕಂಡು ಜನ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಮುಂದಿನ ಸಾಲಿನಲ್ಲಿ ಅವರ ಎರಡು ಜಡೆಯ ಮಗಳು ಮಾತ್ರ ನಗಲಿಲ್ಲ. ಅವರು ಕೈ ಇಳಿಸಿ ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ನಾಟಕದಿಂದ ಅದನ್ನೇ ಇಟ್ಟುಕೊಂಡೆವು: ಹತ್ತಾದ ಮೇಲೆ ಏಳುವುದು, ಕೈ ಎತ್ತುವುದು. ಅವರು ಹೇಳಿದಂತೆ ಮಾಡಿದರು. ಮತ್ತೆಂದೂ ನನ್ನಲ್ಲಿ ಏನನ್ನೂ ಕೇಳಲಿಲ್ಲ.

ಆಮೇಲೆ ನಗೆ ಮೊಬೈಲಿನಲ್ಲೇ ಸಿಗತೊಡಗಿತು, ತಂಡ ಮುಚ್ಚಿತು. ಅವರು ಗ್ಲೌಸ್ ಹಾಕಿಕೊಂಡು ಮೆಹಂದಿ ಕಾರ್ಯಕ್ರಮಗಳಿಗೆ ಹೋಗಿ ನಿಲ್ಲುತ್ತಿದ್ದರು. ಮದುಮಗನ ಗೆಳೆಯರು ಅವರ ಕೆನ್ನೆಗೆ ಮುಷ್ಟಿ ಒತ್ತಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕೈ ನಡುಗತೊಡಗಿತು, ಮಾತು ತೊದಲಿತು, ಕೊನೆಗೆ ಮರೆವು. ಬೈಂದೂರು ಕಡೆ ಮಗಳ ಮನೆ ಸೇರಿದ್ದಾರೆ ಎಂದು ಕೇಳಿದೆ. ಹುಟ್ಟಿದ ಊರಿನ ಹೆಸರೂ ಮರೆತಿದ್ದಾರೆ ಎಂದು ಕೇಳಿದೆ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ಹೋಗಲಿಲ್ಲ. ನಿಜ ಹೇಳಬೇಕೆಂದರೆ, ಎಲ್ಲ ಮರೆತಿದ್ದಾರೆ ಎಂದು ಕೇಳಿ ನನಗೆ ಸಮಾಧಾನವೇ ಆಗಿತ್ತು. ಹೋದ ಮಳೆಗಾಲದಲ್ಲಿ ತೀರಿಕೊಂಡರು.

ಮೊನ್ನೆ ಆ ಹೆಂಗಸು ಚಹಾ ತಂದಿಟ್ಟಳು. ಸಕ್ಕರೆ ಸ್ವಲ್ಪ ಬೇಕು ಎಂದೆ, ಅಷ್ಟೇ. ಧ್ವನಿ ಕೇಳಿ ಅಲ್ಲೇ ನಿಂತಳು.

"ನೀವ್ ಅಪ್ಪಯ್ಯನ್ ನಾಟ್ಕದಗೆ ಎಣಿಸ್ತಿದ್ದವ್ರ್ ಅಲ್ದಾ?"

ಹೌದೆಂದೆ.

"ಎಂಟಾದ್ ಮೇಲೆ ಎಂತಕೆ ಅಷ್ಟ್ ಬೇಗ ಹೇಳಿದ್ರಿ?"

ಸಿಟ್ಟಿನಿಂದ ಕೇಳಲಿಲ್ಲ. ಬಹಳ ದಿನದಿಂದ ತಿಳಿಯಬೇಕಿದ್ದದ್ದನ್ನು ಕೇಳುವಂತೆ ಕೇಳಿದಳು. ಹೆದರಿದೆ ಎಂದು ಹೇಳಬಹುದಿತ್ತು.

"ನೆನ್ಪಿಲ್ಲೆ" ಎಂದೆ.

"ಅಪ್ಪಯ್ಯಂಗ್ ನೆನ್ಪಿತ್ತ್" ಎಂದಳು. "ನನ್ ಹೆಸ್ರ್ ಮರ್ತ್ ಹೋಯಿತ್ತ್. ಅದೊಂದ್ ನೆನ್ಪಿತ್ತ್."

ಒಳಗೆ ಹೋಗಿ ಮತ್ತೆ ಗ್ಲೌಸ್ ಏರಿಸಿಕೊಂಡಳು. ತಪ್ಪಾಯಿತು ಎಂದು ನಾನು ಯಾರಿಗೆ ಹೇಳಬೇಕಿತ್ತೋ ಅವರು ಈಗಿಲ್ಲ. ಚಹಾ ಅಲ್ಲೇ ಬಿಟ್ಟು ಎದ್ದೆ.