ಪರೋಪಕಾರಕ್ಕೆ ಸೋಮವಾರದ ಗಡುವು

ಪರೋಪಕಾರ ಮಾಡಲು ನನಗೆ ಸೋಮವಾರದವರೆಗೆ ಮಾತ್ರ ಸಮಯವಿತ್ತು. ನಗಬೇಡಿ. ದೇವದುರ್ಗದಲ್ಲಿ ಟೀಚರಾಗಿರುವ ನಾನು ನಲವತ್ತೈದು ದಾಟಿದ ಮೇಲೆ ಆಪ್ತಸಮಾಲೋಚಕಿ ಆಗುವ ಹುಮ್ಮಸ್ಸಿಗೆ ಬಿದ್ದು, ಪ್ರತಿ ಭಾನುವಾರ ರಾಯಚೂರಿಗೆ ತರಬೇತಿಗೆ ಹೋಗುತ್ತಿದ್ದೆ. ಅಲ್ಲಿನ ಮೇಡಂ ಒಂದು ಪ್ರಶ್ನೆ ಕೊಟ್ಟಿದ್ದರು: ‘ನಿಮ್ಮಲ್ಲಿ ಪರೋಪಕಾರ ಬುದ್ಧಿ ಹೇಗೆ ಬೆಳೆಯಿತು? ಏನನ್ನೂ ಬಯಸದೆ ಮಾಡಿದ ಒಂದು ಉಪಕಾರದ ಮೂಲಕ ವಿವರಿಸಿ.’

ಮೊದಲ ಸಲ, ಪಕ್ಕದ ಮನೆಗೆ ಹಬ್ಬದ ಹೋಳಿಗೆ ಕೊಟ್ಟದ್ದನ್ನು ಬರೆದೆ. ಮೇಡಂ ಕೆಂಪು ಶಾಯಿಯಲ್ಲಿ ಕೇಳಿದರು: ‘ಡಬ್ಬಿ ಖಾಲಿ ವಾಪಸ್ ಬಂತೇ?’ ನಮ್ಮ ಕಡೆ ಖಾಲಿ ಡಬ್ಬಿ ಯಾರು ವಾಪಸ್ ಕೊಡುತ್ತಾರೆ! ಶೇಂಗಾ ಉಂಡೆ ತುಂಬಿಕೊಂಡು ಬಂದಿತ್ತು. ನಾನು ಬೇಕೆಂದೇ ದೊಡ್ಡ ಡಬ್ಬಿ ಕಳಿಸಿದ್ದು ಮೇಡಂಗೆ ಹೇಗೆ ತಿಳಿಯಿತೋ. ಎರಡನೆಯ ಸಲ, ಮಾನ್ವಿಯ ತಂಗಿಗೆ ಬಾಣಂತನ ಮಾಡಿದ್ದನ್ನು ಬರೆದೆ. ‘ಇದನ್ನು ತಂಗಿಗೆ ಎಷ್ಟು ಸಲ ನೆನಪಿಸಿದ್ದೀರಿ?’ ಎಂದು ಅದೂ ತಿರುಗಿ ಬಂತು. ಮಕ್ಕಳು ಮೊದಲು ಹೊಗಳಿಕೆಗಾಗಿ ಉಪಕಾರ ಮಾಡುತ್ತಾರೆ, ಬೆಳೆದಂತೆ ಅದು ಸ್ವಭಾವವಾಗುತ್ತದೆ ಎನ್ನುತ್ತಿತ್ತು ನಮ್ಮ ಪಾಠ. ನಾನು ಮೊದಲ ಮೆಟ್ಟಿಲಲ್ಲೇ ಕೂತು ಹೊಗಳಿಕೆಗೆ ಕಾಯುತ್ತಿದ್ದೆ. ಮೂರನೆಯ ಸಲಕ್ಕೆ ಸೋಮವಾರವೇ ಗಡುವು; ಅದೂ ತಪ್ಪಿದರೆ ಪ್ರಮಾಣಪತ್ರವಿಲ್ಲ. ಓಣಿಗೆಲ್ಲ ಹೇಳಿಕೊಂಡು ತಿರುಗಿದವಳಿಗೆ ನಿಜಕ್ಕೂ ಹೆದರಿಕೆಯಾಯಿತು.

ಗಡುವಿನ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ತರಬೇತಿ ಮುಗಿಸಿ ಕಿಟಕಿಯೊಳಗೆ ಚೀಲ ಎಸೆದು ದೇವದುರ್ಗದ ಬಸ್ಸಿನಲ್ಲಿ ಸೀಟು ಹಿಡಿದೆ. ಒಬ್ಬ ಅಜ್ಜಿ ಬಂದು ಕಂಬ ಹಿಡಿದು ನಿಂತಳು. ದೇವರೇ ಕಳಿಸಿದ ಹಾಗಿತ್ತು! ತಟ್ಟನೆ ಎದ್ದು ಕೂರಿಸಿದೆ. ಅವಳು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ನನ್ನ ಬರಹದ ಮೊದಲ ವಾಕ್ಯ ಸಿದ್ಧವಾಗಿತ್ತು. ಅಲ್ಲಿಗೆ ಆ ಉಪಕಾರವೂ ಕೆಟ್ಟಿತು.

“ನಮ್ಮ ಸೊಸಿ ನನ್ನ ಕೂಡ ಮಾತೇ ಬಿಟ್ಟಾಳ,” ಎಂದಳು ಅಜ್ಜಿ.

ಬುದ್ಧಿ ಹೇಳಬಾರದು, ಅವರ ಮಾತನ್ನೇ ಅವರಿಗೆ ತಿರುಗಿ ಹೇಳಬೇಕು ಎಂಬುದು ನಮ್ಮ ತರಬೇತಿ. “ಸೊಸಿ ಮಾತು ಬಿಟ್ಟಾಳ ಅಂತೀರಿ,” ಎಂದೆ.

“ಮನ್ಯಾಗ ಕುಂದ್ರಾಕ ಮನಸಾಗವಲ್ದು.”

“ಮನಸಾಗವಲ್ದು ಅಂತೀರಿ.”

“ನಾ ಅಂದಿದ್ದನ್ನ ನನಗ ಯಾಕ ಹೇಳಾಕತ್ತಿ ಯವ್ವಾ? ನಿನಗೇನಾಗ್ಯದ, ಅದನ್ನ ಹೇಳು,” ಎಂದು ಅಜ್ಜಿ ಸರಿದು ನನ್ನನ್ನೂ ಪಕ್ಕದಲ್ಲಿ ತುರುಕಿಕೊಂಡಳು.

ಬಸ್ಸು ಕಲ್ಮಲ ದಾಟುವಾಗ ನನ್ನ ಕಥೆ ಶುರುಮಾಡಿದೆ. ಕೆಂಪು ಶಾಯಿ, ಡಬ್ಬಿ, ತಂಗಿ ಎಲ್ಲ ಮುಗಿದು, ನಾನು ಒಳ್ಳೆಯವಳೇ ಅಲ್ಲವೇನೋ ಎಂಬಲ್ಲಿಗೆ ಬಂದಾಗ ಕಣ್ಣೀರು ಸುರಿಯಿತು. ಅಜ್ಜಿ ಬುದ್ಧಿ ಹೇಳಲಿಲ್ಲ. ನನ್ನ ಕೈ ಹಿಡಿದು ‘ಹೂಂ, ಹೂಂ’ ಎನ್ನುತ್ತಿದ್ದಳು. ಅಷ್ಟರಲ್ಲಿ ಕಂಡಕ್ಟರ್ ಬಂದ. “ಯವ್ವಾ, ನಿಂದು ಗಬ್ಬೂರ ಟಿಕೀಟಲ್ಲೇನು? ಊರು ಹಿಂದ ಹೋತಲ್ಲ!”

“ಗೊತ್ತದಪ್ಪಾ. ಈಕಿ ಅಳಾಕತ್ತಿದ್ಲು. ನಡುವ ಹೆಂಗ ಎದ್ದು ಹೋಗ್ಲಿ?”

ಬಸ್ಸು ನಿಂತಿತು. ದೇವದುರ್ಗ ಇನ್ನೂ ದೂರವಿದ್ದರೂ ಅಜ್ಜಿಯ ಹಿಂದೆ ನಾನೂ ಇಳಿದೆ. ಗಬ್ಬೂರಿನ ಕಡೆಯ ಬಸ್ಸು ಬರುವವರೆಗೆ ಬೇವಿನ ನೆರಳಲ್ಲಿ ಕೂತು ಸೊಸೆಯ ಕಥೆ ಕೇಳಿದೆ. ಸೊಸೆ ಮಿಕ್ಸರಿನಲ್ಲಿ ರುಬ್ಬಿದ ಚಟ್ನಿಗೆ ಅಜ್ಜಿ ಮುಖ ಸಿಂಡರಿಸಿದ್ದೇ ಜಗಳದ ಮೂಲ. ಮಾತು ತಿರುಗಿ ಹೇಳುವುದು ನನಗೆ ಮರೆತೇಹೋಗಿತ್ತು, ನಾಳೆ ಸೋಮವಾರ ಎಂಬುದೂ.

ಕೊನೆಗೆ ಅಜ್ಜಿ ಊರು ದಾಟಿ ಬಂದದ್ದನ್ನೇ ಬರೆದು ಕಳಿಸಿದೆ. ಮೇಡಂ ಉತ್ತರ ಬಂತು: ‘ಉಪಕಾರ ಅಜ್ಜಿಯದು, ನಿಮ್ಮದಲ್ಲ. ಆದರೂ ನಿಮ್ಮ ಕಣ್ಣಿಗೆ ಬಿದ್ದಿದೆ. ಪಾಸು.’

ನಾನೂ ಬಸ್ಸಿಳಿದೆ ಎಂಬುದನ್ನು ಮಾತ್ರ ಬರೆದಿರಲಿಲ್ಲ. ಏನನ್ನೂ ಬಯಸದೆ ಮಾಡಿದ ಅದೊಂದೇ ಉಪಕಾರವನ್ನು ಯಾರಿಗೂ ಹೇಳದೆ ಜೋಪಾನವಾಗಿ ಇಟ್ಟುಕೊಂಡಿದ್ದೆ. ಈಗ ನಿಮ್ಮ ಮುಂದೆ ಹೇಳಿ ಅದನ್ನೂ ಕೆಡಿಸಿಕೊಂಡೆ.