ಗೌರವ್ವನ ಸೇರು

ಸೀರೆಯ ಬೆಲೆ ಎಷ್ಟೆಂದು ಕೇಳಿದರೆ ಗೌರವ್ವ ರೂಪಾಯಿಯಲ್ಲಿ ಹೇಳುತ್ತಿರಲಿಲ್ಲ. ಸೆರಗನ್ನು ಬೆರಳಲ್ಲಿ ಉಜ್ಜಿ ನೋಡಿ, “ಹದಿನಾಕು ದಿನ” ಎನ್ನುತ್ತಿದ್ದಳು. ಅವಳ ಕೂಲಿಯ ಲೆಕ್ಕದಲ್ಲಿ ಹರಿಹರದ ಬಸ್ಸು ಅರ್ಧ ದಿನ. ಗಂಡನ ಕೆಮ್ಮಿಗೆ ಪಿ.ಜೆ. ಬಡಾವಣೆಯ ಡಾಕ್ಟರು ಕೊಟ್ಟ ಬಾಟಲಿ ನಾಲ್ಕು ದಿನ, “ಅದ್ರಾಗ ಅರ್ಧ ನೀರು.” ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ರಜೆಗೆ ಬಂದಾಗ ನನ್ನ ಕೈಯಲ್ಲಿದ್ದ ಹೊಸ ಪೆನ್ನು ಅವಳ ಕಣ್ಣಿಗೆ ಬಿತ್ತು.

“ಎಷ್ಟು ದಿನದ್ದು ತಂಗೆವ್ವ?”

ನಾನು ರೂಪಾಯಿ ಹೇಳಿದೆ. ಅವಳು ಕ್ಷಣ ಯೋಚಿಸಿ, “ಎಂಟು ದಿನ. ಅಷ್ಟು ಚಲೋ ಬರೀತೈತೇನು?” ಎಂದಳು.

ಮಂಡಿಪೇಟೆಯ ನಮ್ಮ ಅಂಗಡಿಯ ಹಿಂದೆ, ತಗಡಿನ ಶೆಡ್ಡಿನಲ್ಲಿ, ಆರು ಹೆಂಗಸರು ಜೋಳ ಹಸನು ಮಾಡುತ್ತಿದ್ದರು. ಹದಡಿಯಿಂದ ಬಂದು ಊರಲ್ಲೇ ನೆಲೆನಿಂತಿದ್ದ ಗೌರವ್ವ ಅವರಲ್ಲಿ ಹಿರಿಯಳು. ಕೂಲಿ ದಿನಕ್ಕೆ ಎರಡು ಸೇರು ಜೋಳ. ಸೇರು ತುಂಬಿ, ಅದರ ಬಾಯಿಯ ಮೇಲೆ ಗುಪ್ಪೆ ನಿಂತು, ಕಾಳು ಸುತ್ತ ಉದುರತೊಡಗಿದ ಮೇಲೆಯೇ ಅವಳು ಸೆರಗು ಒಡ್ಡುತ್ತಿದ್ದುದು.

ಜೋಳದ ಧಾರಣೆ ಏರಿದ ವರ್ಷ ಅಪ್ಪ ಒಂದು ಕೋಲು ತಂದರು. ತುಂಬಿದ ಸೇರಿನ ಮೇಲೆ ಅದನ್ನು ಎಳೆದರೆ ಗುಪ್ಪೆ ಹೋಗಿ ಕಾಳು ಸಮವಾಗುತ್ತಿತ್ತು. ಮೊದಲ ಸಂಜೆಯೇ ಗೌರವ್ವ ಸೆರಗು ಹಿಂದಕ್ಕೆಳೆದುಕೊಂಡಳು.

“ರೈತರತ್ರ ತಗಳ್ಳಾಗ ಗುಪ್ಪೆ, ನಮಗೆ ಕೊಡಾಗ ಕೋಲು. ಆ ಗುಪ್ಪೆ ಅಂದ್ರೆ ಎರಡು ರೊಟ್ಟಿ ಸಾವ್ಕಾರ್ರೆ. ಮನ್ಯಾಗ ಯಾರ ಗಂಗಾಳದಾಗಿಂದ ತೆಗೀಲಿ, ನೀವೇ ಹೇಳ್ರಿ.”

ಅಪ್ಪ ನನ್ನನ್ನು ಕರೆದರು. ಪ್ರಾಚೀನ ಕಾಲದ ಕೂಲಿಯನ್ನೂ ಈಗಿನ ಕೂಲಿಯನ್ನೂ ಹೋಲಿಸಿ ನಾನೊಂದು ಪ್ರಬಂಧ ಬರೆಯುತ್ತಿದ್ದುದು ಅವರಿಗೆ ಗೊತ್ತಿತ್ತು. ಹರಿಹರದ ಹೊಳೆದಂಡೆಯಲ್ಲಿ ನಾನು ಓದಿದ್ದ ಒಂದು ಶಾಸನದ ಕಲ್ಲಿನ ಮೇಲೆ, ಗುಡಿಯ ಅಂಗಳ ಗುಡಿಸುವವಳಿಗೆ ದಿನಕ್ಕೆ ಎರಡು ಮಾನ ಭತ್ತ ಎಂದಿತ್ತು. ಅದನ್ನು ಸೇರಿಗೆ ಪರಿವರ್ತಿಸಿ, ಈಗಿನವರ ಸ್ಥಿತಿ ಎಷ್ಟೋ ಮೇಲು ಎಂದು ತೀರ್ಮಾನವನ್ನೂ ಬರೆದು ಮುಗಿಸಿದ್ದೆ. ಅಪ್ಪ ಹೇಳಿದಂತೆ ಆ ಭಾಗ ಓದಿದೆ.

“ಕೇಳಿದ್ಯೇನವ್ವಾ? ರಾಜರ ಕಾಲದಾಗ ಇಷ್ಟೂ ಇರ್ಲಿಲ್ಲ. ನಿಂದು ರಾಣಿ ಬಾಳು” ಎಂದರು ಅಪ್ಪ.

“ರಾಣಿ ಮೊರ ಹಿಡೀತಿದ್ಲೇನ್ರಿ?”

ಹೆಂಗಸರು ನಕ್ಕರು. ಗೌರವ್ವ ನಗಲಿಲ್ಲ. ನನ್ನ ಕಡೆ ತಿರುಗಿದಳು. “ತಂಗೆವ್ವ, ಆ ಮಾನ ಗುಪ್ಪೆ ಬಿಟ್ಟು ಅಳೆದದ್ದೋ, ಕೋಲು ಎಳೆದದ್ದೋ?”

“ಕಲ್ಲಿನ ಮೇಲೆ ಬರೆದಿಲ್ಲ.”

“ಹಂಗಾರೆ ಕೊಟ್ಟೋರು ಬರೆಸ್ಯಾರ. ಇಸ್ಕೊಂಡಾಕಿ ಬರೆಸಿದ್ರೆ ಅದನ್ನ ಬಿಡ್ತಿರ್ಲಿಲ್ಲ.”

ಹಾಳೆಗಳು ನನ್ನ ಕೈಯಲ್ಲೇ ಇದ್ದವು. “ಅಪ್ಪಾ, ಇವರು ಕೇಳಿದ್ದು ಸರಿ. ನನ್ನ ಲೆಕ್ಕ ನಿಲ್ಲೋದಿಲ್ಲ” ಎಂದೆ. ಅಷ್ಟು ಜನರ ಎದುರು ಅಪ್ಪನ ಮಾತಿಗೆ ವಿರುದ್ಧವಾಗಿ ನಾನು ಆಡಿದ ಮೊದಲ ಮಾತು ಅದು. ಗೌರವ್ವ ಸೇರಿನಲ್ಲಿದ್ದ ಜೋಳವನ್ನು ರಾಶಿಗೇ ಸುರಿದು, ಮೊರ ಬೋರಲು ಹಾಕಿ ಹೊರಟಳು. ಉಳಿದ ಐವರೂ ಎದ್ದರು.

ಮೂರು ದಿನ ಶೆಡ್ಡಿನಲ್ಲಿ ಯಾರೂ ಕೂರಲಿಲ್ಲ. ನಾಲ್ಕನೆಯ ದಿನ ಕೋಲು ಕಾಣಲಿಲ್ಲ. ಐವರನ್ನು ಕರೆಸಿದರು. ಗೌರವ್ವನನ್ನು ಮಾತ್ರ ಕರೆಸಕೂಡದೆಂದು ಅಪ್ಪ ಹೇಳಿದ್ದರು. ನಾನು ಎಷ್ಟು ಹೇಳಿದರೂ ಅವರು ಬಗ್ಗಲಿಲ್ಲ. ಗುಪ್ಪೆಯ ಸೇರು ಮತ್ತೆ ಬಂದಿತ್ತು, ತಂದವಳಿಗೆ ಅಲ್ಲಿ ಜಾಗವಿರಲಿಲ್ಲ.

ಅವಳನ್ನು ಕಡೆಯ ಸಲ ನೋಡಿದ್ದು ಮರುವರ್ಷ, ಹರಿಹರದ ಬಸ್ ನಿಲ್ದಾಣದಲ್ಲಿ. ಅಲ್ಲೇ ಒಂದು ಕಡೆ ಶೇಂಗಾ ಹಸನು ಮಾಡುತ್ತಿದ್ದಳಂತೆ.

“ಅಲ್ಲಿ ಅಳತೆ ಹೆಂಗೆ?” ಎಂದು ಕೇಳಿದೆ.

“ಗುಪ್ಪೆ. ಮೊದಲನೇ ದಿನಾನೇ ಕೇಳಿ, ಆಮ್ಯಾಗ ಕುಂತೆ.” ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನಾ ಕೇಳಿದ್ದು ಬರೆದ್ಯಾ?”

“ಬರೆದೆ. ಮೈಸೂರಿನ ಮೇಷ್ಟ್ರು ಅದಕ್ಕೆ ಗೀಟು ಎಳೆದ್ರು.”

“ಮತ್ತೆ?”

“ಮತ್ತೆ ಬರೆದೆ.”

ಅವಳು ನನ್ನ ಕೈಯಲ್ಲಿದ್ದ ಅದೇ ಪೆನ್ನು ತೆಗೆದುಕೊಂಡು, ತಿರುಗಿಸಿ ನೋಡಿ, ಹಿಂದಕ್ಕೆ ಕೊಟ್ಟಳು.

“ಎಂಟು ದಿನ ದಂಡ ಆಗಿಲ್ಲ ಬಿಡು” ಎಂದು ಬಸ್ಸು ಹತ್ತಿದಳು.